ಕಾವಲಿನ ಹುಲ್ಲು, ನಾಲ್ಕು ಡಿಸ್ಕು

ಮರಳೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ಒಂದು ಹಳೇ ಸರ್ವರ್ ಬಿಚ್ಚಿಕೊಂಡು ಮಲಗಿತ್ತು. ನಾವಿಬ್ಬರೂ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಮೊದಲ ವಾರ ನನ್ನ ಗಂಡ ನಕ್ಕರು. "ಏನೇ ಇದು, ಮನೆ ಮಧ್ಯ ಹೆಣ ಮಲಗ್ಸಿದಂಗೆ ಮಲಗ್ಸಿದೀಯಲ್ಲ. ಒಂದು ಊದುಬತ್ತಿ ಹಚ್ಬುಡು ಅತ್ಲಾಗೆ" ಅಂದರು. ಆಮೇಲೆ ಏನೂ ಅನ್ನುವುದನ್ನೇ ಬಿಟ್ಟರು.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಆ ಸರ್ವರ್ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಈಗ್ಗೆ ಹದಿನೈದು ವರ್ಷಗಳ ಹಿಂದೆ, ಲ್ಯಾಬಿಗೆ ಬಂದದ್ದು. ಗುಜರಿಗೆ ಹೋಗಬೇಕಿದ್ದುದನ್ನು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಆಟೋದಲ್ಲಿ ಮನೆಗೆ ತಂದಿದ್ದೆ. ಅದರೊಳಗೆ ನಮ್ಮ ಮೇಷ್ಟ್ರ ಹುಲ್ಲಿನ ಚಿತ್ರಗಳಿದ್ದವು.

ಮೇಷ್ಟ್ರು ಅದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದವರು. ಪಿಯುಸಿಯಲ್ಲಿ ನನಗೂ ಪಾಠ ಮಾಡಿದ್ದರು. ಗುಬ್ಬಿಯಿಂದ ಓಡಾಡುತ್ತಿದ್ದರು. ರಜೆ ಸಿಕ್ಕಾಗಲೆಲ್ಲ ಬಿದರೆಹಳ್ಳಿ ಕಾವಲಿಗೆ ಹೋಗಿ ಹುಲ್ಲು ಕಿತ್ತು ತಂದು, ಹಳೇ ಪೇಪರಿನ ನಡುವೆ ಒಣಗಿಸಿ, ದಪ್ಪ ಹಾಳೆಗಳಿಗೆ ಅಂಟಿಸುತ್ತಿದ್ದರು. ಹಾಳೆಯ ಕೆಳಗಿನ ಬಲಮೂಲೆಯಲ್ಲಿ ಲ್ಯಾಟಿನ್ ಹೆಸರು, ಅದರ ಕೆಳಗೆ ಪೆನ್ಸಿಲಿನಲ್ಲಿ ಅಲ್ಲಿ ದನ ಕುರಿ ಕಾಯುವವರು ಆ ಹುಲ್ಲನ್ನು ಏನೆಂದು ಕರೆಯುತ್ತಿದ್ದರೋ ಆ ಹೆಸರು. ಲ್ಯಾಟಿನ್ ಹೆಸರು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಪೆನ್ಸಿಲ್ ಹೆಸರು ಆ ಮೂಲೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಕಾವಲಿನ ಬಹುಭಾಗ ಈಗ ಕಾರ್ಖಾನೆಯ ಬೇಲಿಯೊಳಗಿದೆ. ಆ ಹೆಸರು ಹೇಳಿದ ಮುದುಕರೂ ಒಬ್ಬೊಬ್ಬರಾಗಿ ಹೋದರು.

ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಸರ್ವರಿಗೆ ಹಾಕಿದವಳು ನಾನು. ಮಧ್ಯಾಹ್ನ ಲ್ಯಾಬ್ ಖಾಲಿಯಿದ್ದಾಗ ಮೇಷ್ಟ್ರು ಒಂದೊಂದೇ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಕೂಸನ್ನು ಕೊಡುವ ಹಾಗೆ, ನನಗೆ ಕೊಡುತ್ತಿದ್ದರು. ಇದು ನನಗೆ ನೆನಪಿದೆ. ನೆನಪಿದೆ ಎಂದು ಬರೆಯುವಾಗ ಈಗ ಕೈ ತಡೆಯುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಅವರು ನಿವೃತ್ತರಾದ ಮೇಲೆ ವಿಭಾಗದ ಬೀರುವಿಗೆ ಗೆದ್ದಲು ಹಿಡಿಯಿತು. ಸುಣ್ಣ ಬಳಿಯುವಾಗ ಬಾಗಿಲು ತೆಗೆದರೆ ಒಳಗೆ ಹಾಳೆಗಳ ಬದಲು ಮಣ್ಣಿತ್ತಂತೆ. ಮೇಷ್ಟ್ರು ಅದಕ್ಕೆ ಅಷ್ಟಾಗಿ ಕಂಗೆಡಲಿಲ್ಲ. "ಸರ್ವರಲ್ಲಿದೆಯಲ್ಲ ಬಿಡಮ್ಮ. ನೀನೇ ಅಂದಿದ್ದೆ, ಅಲ್ಲಿಗೆ ಗೆದ್ದಲು ಬರಲ್ಲ ಸಾರ್ ಅಂತ" ಅಂದರು. ನಾನು ಹಾಗೆ ಅಂದದ್ದು ನನಗೆ ನೆನಪಿರಲಿಲ್ಲ. ಆದರೆ ಅಂದಿರುತ್ತೇನೆ. ಆ ವಯಸ್ಸಿನಲ್ಲಿ ನಾನು ಅನ್ನುವಂಥ ಮಾತೇ ಅದು.

ಹೋದ ವರ್ಷ ಅವರ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ಬಲಗಣ್ಣು ಬೇಗ ಮಂಜಾಯಿತು. ಎಡಗಣ್ಣೂ ಹೆಚ್ಚು ದಿನ ಇರುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಗ ಅವರು ನನಗೆ ಫೋನ್ ಮಾಡಿದರು. ಕಾವಲಿನ ಹುಲ್ಲಿನ ಮೇಲೆ ಒಂದು ಚಿಕ್ಕ ಪುಸ್ತಕ ಮಾಡಬೇಕು, ಕಣ್ಣಿರುವಾಗಲೇ ಚಿತ್ರಗಳನ್ನು ದೊಡ್ಡದು ಮಾಡಿ ಒಮ್ಮೆ ನೋಡಿ ಆ ಹೆಸರುಗಳನ್ನು ಸರಿಯಾಗಿ ಬರೆಸಿಬಿಡಬೇಕು ಅಂದರು. "ಪೆನ್‌ಡ್ರೈವಲ್ಲಿ ಹಾಕ್ಕೊಂಡು ಬಂದ್ಬಿಡಮ್ಮ. ಒಂದು ಗಂಟೆ ಕೆಲ್ಸ."

ನಾನೂ ಒಂದು ಗಂಟೆಯ ಕೆಲಸವೆಂದೇ ತಿಳಿದಿದ್ದೆ. ಹೊಸ ಸರ್ವರ್ ಬಂದ ವರ್ಷ ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಹಾಕಿದ್ದೆನಲ್ಲ. ನಾನು ದಿನಚರಿ ಬರೆಯುವವಳು. ಬರೆದಿಟ್ಟರೆ ನೆನಪು ಸುಳ್ಳಾಡಲಾರದೆಂಬ ನಂಬಿಕೆಯಿಂದ ಕಾಲೇಜು ದಿನಗಳಿಂದ ಬರೆಯುತ್ತಿದ್ದೇನೆ. ಆ ವರ್ಷದ ಪುಸ್ತಕ ತೆಗೆದು ನೋಡಿದೆ. "ಎಲ್ಲ ಕಾಪಿ ಆಯಿತು. ತಲೆನೋವು" ಎಂದಿತ್ತು. ಹೊಸ ಸರ್ವರಿನಲ್ಲಿ ಹುಡುಕಿದರೆ ಪರೀಕ್ಷೆಯ ಫೈಲುಗಳಿದ್ದವು, ಆಫೀಸಿನವು ಇದ್ದವು, ಯಾವುದೋ ವಾರ್ಷಿಕೋತ್ಸವದ ಫೋಟೋಗಳೂ ಇದ್ದವು. ಹುಲ್ಲಿನ ಫೋಲ್ಡರ್ ಇರಲಿಲ್ಲ. ಆ ದಿನ "ಎಲ್ಲ" ಎಂದು ಬರೆದಾಗ ನನ್ನ ಮನಸ್ಸಿನಲ್ಲಿ ಏನೇನಿತ್ತೋ ನನಗೆ ತಿಳಿಯುವ ದಾರಿಯಿಲ್ಲ.

ಉಳಿದದ್ದು ಹಳೇ ಸರ್ವರ್ ಒಂದೇ. ಮನೆಗೆ ತಂದು ಹಚ್ಚಿದರೆ ಫ್ಯಾನು ಕೂಡ ತಿರುಗಲಿಲ್ಲ. ಬೋರ್ಡಿನ ಮೇಲಿನ ಕೆಪಾಸಿಟರ್‌ಗಳು ಉಬ್ಬಿ ಒಡೆದಿದ್ದವು. ಅದೊಂದು ದೊಡ್ಡ ವಿಷಯವಲ್ಲ. ಚಿತ್ರಗಳಿರುವುದು ಬೋರ್ಡಿನಲ್ಲಲ್ಲ, ಮುಂಭಾಗದಲ್ಲಿ ಸಾಲಾಗಿ ಕೂರುವ ನಾಲ್ಕು ಡಿಸ್ಕುಗಳಲ್ಲಿ. ಆದರೆ ಆ ನಾಲ್ಕನ್ನು ಬಿಡಿಬಿಡಿಯಾಗಿ ಓದಲು ಬರುವುದಿಲ್ಲ. ಒಳಗಿರುವ ಒಂದು ಕಾರ್ಡು ಪ್ರತಿ ಫೈಲನ್ನೂ ತುಂಡು ಮಾಡಿ ನಾಲ್ಕೂ ಡಿಸ್ಕಿಗೆ ಹಂಚಿ ಬರೆಯುತ್ತದೆ. ಓದುವಾಗಲೂ ಅದೇ ಕಾರ್ಡು ತುಂಡುಗಳನ್ನು ಕೂಡಿಸಿ ಕೊಡಬೇಕು. ಹಾಗಾಗಿ ಕಾರ್ಡನ್ನೂ ಡಿಸ್ಕುಗಳನ್ನೂ ಕಿತ್ತು, ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಂದ ಇನ್ನೊಂದು ಮೆಷೀನಿಗೆ ಇದ್ದ ಕ್ರಮದಲ್ಲೇ ಹಾಕಿದೆ.

ಆ ಮೆಷೀನಿನ ಆಪರೇಟಿಂಗ್ ಸಿಸ್ಟಮ್ಮಿಗೆ ಕಾರ್ಡು ಇದೆಯೆಂದೇ ಗೊತ್ತಾಗಲಿಲ್ಲ. ಗೊತ್ತಾಗಬೇಕಾದರೆ ಅವೆರಡರ ನಡುವೆ ಮಾತು ಕೊಂಡೊಯ್ಯುವ ಡ್ರೈವರ್ ಎಂಬ ಒಂದು ಸಣ್ಣ ಪ್ರೋಗ್ರಾಂ ಬೇಕು. ಕಾರ್ಡು ಮಾಡಿದ ಕಂಪನಿಯ ವೆಬ್‌ಸೈಟಿನಲ್ಲಿ ಆ ಕಾರ್ಡಿನ ಪುಟವೇ ಇರಲಿಲ್ಲ. ಹೊಸ ಸಿಸ್ಟಮ್ಮಿನ ಉದ್ದ ಟಿಪ್ಪಣಿಯಲ್ಲಿ, ಇನ್ನು ಮುಂದೆ ಬೆಂಬಲವಿಲ್ಲದ ಕಾರ್ಡುಗಳ ಪಟ್ಟಿಯೊಳಗೆ, ನಮ್ಮದರ ನಂಬರ್ ಒಂದು ಸಾಲಿನಲ್ಲಿತ್ತು. ಹಳೇ ಸಿಸ್ಟಮ್ಮನ್ನೇ ಹಾಕಿ ನೋಡಿದೆ. ಅದು ಕಾರ್ಡನ್ನು ಗುರುತಿಸುತ್ತಿತ್ತೇನೋ, ಆದರೆ ಹೊಸ ಬೋರ್ಡನ್ನು ಗುರುತಿಸದೆ ಅರ್ಧ ದಾರಿಯಲ್ಲಿ ನಿಂತಿತು. ಒಂದು ಫೋರಮ್ಮಿನಲ್ಲಿ ಯಾರೋ ನನ್ನ ಪ್ರಶ್ನೆಯನ್ನೇ ಅಕ್ಷರಶಃ ಕೇಳಿದ್ದರು. ಯಾರೂ ಉತ್ತರ ಕೊಟ್ಟಿರಲಿಲ್ಲ. ನಾಲ್ಕು ದಿನ ಬಿಟ್ಟು ಅದೇ ಮನುಷ್ಯ, ಸರಿಹೋಯಿತು ಎಂದಷ್ಟೇ ಬರೆದು ಹೊರಟುಹೋಗಿದ್ದ. ಹೇಗೆ ಸರಿಹೋಯಿತೆಂದು ಬರೆದಿರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹೀಗೆ ವಾರಗಳು ಹೋದವು. ಮೇಷ್ಟ್ರು ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು.

"ಏನಮ್ಮ, ಹುಲ್ಲು ಚಿಗುರ್ತಾ?"

"ಇನ್ನೂ ಇಲ್ಲ ಸಾರ್. ಡ್ರೈವರ್ ಸಿಗ್ತಿಲ್ಲ."

"ನಿಧಾನಕ್ಕೆ ಮಾಡಮ್ಮ, ಆತುರ ಏನಿಲ್ಲ" ಎನ್ನುತ್ತಿದ್ದರು. ಆಮೇಲೆ ಅವರ ಹೆಂಡತಿ ಫೋನ್ ಇಸಕೊಂಡು ಅಡುಗೆಮನೆಗೆ ಹೋಗಿ ದನಿ ತಗ್ಗಿಸುತ್ತಿದ್ದರು. "ಅವ್ರು ಅಂಗಂತಾರೆ ಕಣಮ್ಮ. ಬಲಗಣ್ಣು ಪೂರ್ತಿ ಹೋಯ್ತು. ಎಡಗಣ್ಣಲ್ಲಿ ಬೆಳಗಿನ ಹೊತ್ತು ಒಂಚೂರು ಕಾಣುತ್ತೆ, ಅಷ್ಟೆಯ. ನಿನ್ನೆ ಸಾರಿನ ತಪ್ಪಲೆ ಅಂತ ಮಜ್ಜಿಗೆಗೆ ಸೌಟು ಹಾಕಿದ್ರು."

ಕೊನೆಗೆ ಡ್ರೈವರ್ ಸಿಕ್ಕಿತು. ಯಾವುದೋ ದೇಶದ, ಮುಖ ಗೊತ್ತಿಲ್ಲದ ಒಬ್ಬ ಪುಣ್ಯಾತ್ಮ ಇಂಥ ಕೈಬಿಟ್ಟ ಕಾರ್ಡುಗಳಿಗೆಂದೇ ಹೊಸ ಸಿಸ್ಟಮ್ಮುಗಳಿಗೆ ಡ್ರೈವರ್ ಕಟ್ಟಿ ಇಡುತ್ತಿದ್ದ. ಸಿಸ್ಟಮ್ಮಿನ ಆವೃತ್ತಿಯ ಕೊನೆಯ ಅಂಕಿಯವರೆಗೂ ಹೊಂದಬೇಕಿತ್ತು. ಮೂರು ಸಲ ಅಳಿಸಿ ಮತ್ತೆ ಹಾಕಿದೆ. ಒಂದು ಭಾನುವಾರ ಮಧ್ಯಾಹ್ನ, ಗಂಡ ಒಳಗೆ ಮಲಗಿದ್ದಾಗ, ನಾಲ್ಕೂ ಡಿಸ್ಕಿನ ಹಸಿರು ದೀಪ ಹತ್ತಿದವು. ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ.

ಆಮೇಲೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ನಾಲ್ಕರಲ್ಲಿ ಯಾವ ಡಿಸ್ಕು ಮೊದಲು, ಯಾವುದು ಆಮೇಲೆ ಎಂಬುದನ್ನು ಆ ಕಾರ್ಡು ತನ್ನೊಳಗೆ ಇಟ್ಟುಕೊಳ್ಳುತ್ತಿತ್ತು. ಅದರ ಬ್ಯಾಟರಿ ಸತ್ತು ವರ್ಷಗಳಾಗಿದ್ದವು. ಈಗ ಕೂತಿರುವ ಕ್ರಮವೇ ಸರಿಯೇ ಎಂದು ನನ್ನನ್ನು ಕೇಳುತ್ತಿತ್ತು. ಸರಿ ಎಂದರೆ ಅದೇ ಕ್ರಮದ ಪ್ರಕಾರ ಡಿಸ್ಕುಗಳನ್ನು ತಾಳೆ ನೋಡಿ ತಿದ್ದಿಕೊಂಡು ಬರುತ್ತದೆ. ಕ್ರಮ ತಪ್ಪಾಗಿದ್ದರೆ ಇದ್ದುದೂ ಹಾಳಾದೀತು ಎಂಬ ಎಚ್ಚರಿಕೆಯೂ ಕೆಳಗಿತ್ತು.

ಇಲ್ಲಿ ನಮ್ಮ ಲ್ಯಾಬಿನ ಒಂದು ಪದ್ಧತಿ ಹೇಳಬೇಕು. ಆಯುಧಪೂಜೆಗೆ ಎಲ್ಲರೂ ಕಂಪ್ಯೂಟರಿನ ಡಬ್ಬಕ್ಕೆ ಕುಂಕುಮ ಇಡುತ್ತಾರೆ. ನಮ್ಮಲ್ಲಿ ಹಾಗಲ್ಲ. ಕುಣಿಗಲ್ ಕಡೆ ಕೊತ್ತಗೆರೆಯ ಅಟೆಂಡರ್ ಅಕ್ಕ ಒಬ್ಬರಿದ್ದರು. "ಡಬ್ಬಕ್ಕೆ ಕುಂಕುಮ ಇಟ್ರೆ ಏನ್ ಬಂತು ಮೇಡಂ, ಕೆಲ್ಸ ಮಾಡೋದು ಒಳಗಿರೋದಲ್ವಾ?" ಎಂಬುದು ಅವರ ವಾದ. ಹಾಗಾಗಿ ಪ್ರತಿ ವರ್ಷ ಸರ್ವರ್ ಆರಿಸಿ, ನಾಲ್ಕೂ ಡಿಸ್ಕನ್ನು ಹಿಡಿ ಹಿಡಿದು ಎಳೆದು, ಬಾಳೆಲೆಯ ಮೇಲೆ ಸಾಲಾಗಿಟ್ಟು, ಒಣಬಟ್ಟೆಯಲ್ಲಿ ಒರೆಸಿ, ಹಿಡಿಗೆ ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಆದ ಮೇಲೆ ಎಡಗಡೆಯಿಂದ ಒಂದೊಂದಾಗಿ ಅದೇ ಕ್ರಮದಲ್ಲಿ ವಾಪಸ್ ಕೂರಿಸುವುದು. ಅಕ್ಕ ಎಂದೂ ತಪ್ಪಿದವರಲ್ಲ. ಹೊಸ ಸರ್ವರ್ ಬಂದ ವರ್ಷ ಹಳೆಯದನ್ನು ಆರಿಸಿ ಮೂಲೆಗೆ ಸರಿಸಿದ್ದೆವು. ಇಷ್ಟು ವರ್ಷ ದುಡಿದದ್ದಕ್ಕೆ ಪೂಜೆ ತಪ್ಪಿಸಬಾರದೆಂದು ಆ ಸಲವೂ ಡಿಸ್ಕು ತೆಗೆದು ಕುಂಕುಮ ಇಟ್ಟೆವು. ಆಮೇಲೆ ಅದನ್ನು ಯಾರೂ ಹಚ್ಚಲಿಲ್ಲ.

ಆ ಕೊನೆಯ ಪೂಜೆ ನನಗೆ ಚೆನ್ನಾಗಿ ನೆನಪಿತ್ತು. ಅಕ್ಕನ ಹಸಿರು ಸೀರೆ, ಡಿಸ್ಕನ್ನು ಒಳಗೆ ತಳ್ಳುವಾಗ ತಗಡಿಗೆ ಗಾಜಿನ ಬಳೆ ತಾಗಿದ ಸದ್ದು. ಅಕ್ಕ ಇಟ್ಟಿದ್ದಾರೆಂದರೆ ಕ್ರಮ ಸರಿಯಿದೆ.

ಮೊದಲು ನಾಲ್ಕೂ ಡಿಸ್ಕಿನ ನಕಲು ತೆಗೆಯಬೇಕಿತ್ತು. ಪ್ರತಿ ವರ್ಷ ಮೊದಲ ತರಗತಿಯಲ್ಲೇ ನಾನು ಹೇಳಿಕೊಡುವ ಪಾಠ ಅದು. ಅಷ್ಟು ದೊಡ್ಡ ಖಾಲಿ ಡಿಸ್ಕು ಮನೆಯಲ್ಲಿರಲಿಲ್ಲ. ತರಿಸಿದರೆ ಎರಡು ಮೂರು ದಿನ, ನಕಲಿಗೆ ಇನ್ನೊಂದು ದಿನ. ಬೆಳಗಿನ ಹೊತ್ತು ಒಂಚೂರು ಕಾಣುತ್ತೆ ಎಂಬ ಮಾತು ಕಿವಿಯಲ್ಲಿತ್ತು. ಅವರ ಕಣ್ಣಿಗಾಗಿ ಅವಸರ ಮಾಡಿದೆನೋ, ನನಗೇ ಆ ಗೆಲುವು ಅವತ್ತೇ ಬೇಕಿತ್ತೋ, ಎಷ್ಟು ಕೇಳಿಕೊಂಡರೂ ಪ್ರಾಮಾಣಿಕವಾದ ಉತ್ತರ ಸಿಕ್ಕಿಲ್ಲ. ಒಂದು ಬಳೆಯ ಸದ್ದನ್ನು ನಂಬಿ ಸರಿ ಎಂದು ಒತ್ತಿದೆ.

ಶೇಕಡಾ ಲೆಕ್ಕ ಏರುತ್ತಿದ್ದಾಗಲೇ ಗುಬ್ಬಿಗೆ ಫೋನ್ ಮಾಡಿದೆ.

"ಸಿಕ್ತು ಸಾರ್! ಡ್ರೈವರ್ ಸಿಕ್ತು. ನಿಮ್ ಹುಲ್ಲೆಲ್ಲಾ ಬರ್ತಿದೆ."

ಆ ಕಡೆ ಅವರು ಹೆಂಡತಿಯನ್ನು ಕೂಗಿ ಸುದ್ದಿ ಹೇಳಿದ್ದು ಕೇಳಿಸಿತು. ಆಮೇಲೆ, "ಮುಂದಿನ ಭಾನುವಾರ ಬಾಮ್ಮ. ಬೆಳಿಗ್ಗೇನೇ ಬಾ. ಹತ್ತು ಗಂಟೆ ಒಳಗೇ ಬಂದ್ಬಿಡು" ಅಂದರು.

ಸಂಜೆ ತೆರೆದು ನೋಡಿದರೆ ಮೊದಲ ಚಿತ್ರದಲ್ಲಿ ಮೇಲಿನ ನಾಲ್ಕು ಬೆರಳಗಲ ಸರಿಯಾಗಿತ್ತು. ಹುಲ್ಲಿನ ತೆನೆ, ಅದರ ಒಂದೊಂದು ಕೂದಲೂ ಸ್ಪಷ್ಟ. ಅದರ ಕೆಳಗೆ ನೇರಳೆ, ಬೂದು, ಹಸಿರು ಪಟ್ಟೆಗಳು. ಎರಡನೆಯದೂ ಹಾಗೆ. ಹತ್ತನೆಯದೂ ಹಾಗೆ. ನೂರಕ್ಕೂ ಹೆಚ್ಚು ಹಾಳೆಗಳಲ್ಲಿ ಒಂದರಲ್ಲೂ ಕೆಳಗಿನ ಬಲಮೂಲೆ ಇರಲಿಲ್ಲ. ಮಧ್ಯಾಹ್ನವೆಲ್ಲ ಕಾರ್ಡು ತಪ್ಪು ಕ್ರಮಕ್ಕೆ ತಕ್ಕಂತೆ ಡಿಸ್ಕುಗಳನ್ನು ತಿದ್ದಿತ್ತು. ಮುಂದಿನ ಮೂರು ದಿನ ಗೊತ್ತಿದ್ದ ರಿಕವರಿ ಪ್ರೋಗ್ರಾಂಗಳನ್ನೆಲ್ಲ ಓಡಿಸಿದೆ. ಅದಕ್ಕಿಂತ ಹೆಚ್ಚು ಬರಲಿಲ್ಲ.

ಗುರುವಾರ ರಜೆ ಹಾಕಿ ಕುಣಿಗಲ್ ಬಸ್ಸು ಹತ್ತಿದೆ. ಅಲ್ಲಿಂದ ಕೊತ್ತಗೆರೆಗೆ, ಅಕ್ಕನ ಊರಿಗೆ. ಯಾಕೆ ಹೋದೆನೆಂದರೆ, ಅಕ್ಕ ಆ ಸಲ ಹೇಗೆ ಜೋಡಿಸಿದ್ದರೆಂದು ತಿಳಿದರೆ ಏನಾದರೂ ದಾರಿ ಕಾಣಬಹುದು ಎಂದು ಹೇಳಿಕೊಂಡೆ. ನಿಜವಾಗಿ, ತಪ್ಪು ಅವರದೆಂದು ಕೇಳಿಸಿಕೊಳ್ಳಲು ಹೋಗಿದ್ದೆನೇನೋ.

ಅಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. "ಅಯ್ಯೋ, ಇದೇನ್ ಮೇಡಂ, ಹೇಳ್ದೆ ಕೇಳ್ದೆ! ಸಣ್ಣಗಾಗ್ಬುಟ್ಟಿದೀರ. ಕೂತ್ಕಳಿ, ಕಾಫಿ ಕಾಯಿಸ್ತೀನಿ."

ಕಾಫಿ ಕುಡಿದು, ಸೊಗಡಿನ ಕಾಯಿ ನಾನೂ ನಾಲ್ಕು ಸುಲಿದು, ಆಮೇಲೆ ಕೇಳಿದೆ. ಹೊಸ ಮೆಷೀನ್ ಬಂದ ವರ್ಷ, ಕೊನೇ ಪೂಜೆ ದಿನ, ಡಿಸ್ಕುಗಳನ್ನು ಹೇಗೆ ವಾಪಸ್ ಇಟ್ಟಿರಿ ಅಕ್ಕ?

ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ನಾನೆಲ್ ಬಂದಿದ್ದೆ ಆವತ್ತು? ನಮ್ಮತ್ತೆ ತೀರ್ಕಂಡು ಏಳ್ನೇ ದಿನ. ಸೂತಕ ಇಟ್ಕಂಡು ಕುಂಕುಮ ಮುಟ್ತಾರಾ?"

"ಇಲ್ಲ ಅಕ್ಕ, ನೀವಿದ್ರಿ. ಹಸಿರು ಸೀರೆ ಉಟ್ಟಿದ್ರಿ."

"ಹಸಿರು ಸೀರೆ ನಿಮ್ದು ಮೇಡಂ!" ಎಂದು ಅವರು ನಕ್ಕುಬಿಟ್ಟರು. "ನೀವೇ ಫೋನ್ ಮಾಡಿದ್ರಿ, ಬಾಳೆಲೆ ಎಲ್ಲಿಟ್ಟಿದೀರ ಅಕ್ಕ ಅಂತ. ತಿಥಿ ಮುಗಿಸ್ಕಂಡು ನಾನು ಬಂದಾಗ ಹೇಳಿದ್ರಿ, ‘ಎಲ್ಲಾ ಒಂದರ್ ಮೇಲೊಂದು ಪೇರ್ಸಿ ಒರೆಸಿ ನಾನೇ ಇಟ್ಬುಟ್ಟೆ ಅಕ್ಕ, ಸೀರೆಗೆಲ್ಲಾ ಕುಂಕುಮ ಆಯ್ತು’ ಅಂತ. ನಾನು ಬೈದಿದ್ದೆ ನಿಮ್ಗೆ, ಹಂಗೆಲ್ಲಾ ಪೇರ್ಸಬಾರ್ದು, ಸಾಲಾಗಿಡ್ಬೇಕು ಅಂತ."

ಒಂದರ ಮೇಲೊಂದು ಪೇರಿಸಿದರೆ ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಒರೆಸುವಾಗ ಮತ್ತೆ ಅದಲು ಬದಲಾಗಿರಬಹುದು. ನಾಲ್ಕು ಡಿಸ್ಕು ಹೇಗೆ ಬೇಕಾದರೂ ಕೂತಿರಬಹುದು. ಆ ಬಳೆಯ ಸದ್ದು ನನ್ನ ಬಳೆಯದು.

ಮನೆಗೆ ಬಂದು ಬೀರು ತೆಗೆದು ಆ ಹಸಿರು ಸೀರೆ ಹುಡುಕಿದೆ. ನೆರಿಗೆಯ ಹತ್ತಿರ ಕೆಂಪಗೆ ಒಂದು ಕಲೆ ಇತ್ತು. ಕುಂಕುಮದ್ದೇ ಇರಬಹುದು. ಯಾವುದೋ ಮದುವೆಯ ಎಲೆ ಅಡಿಕೆಯದೂ ಇರಬಹುದು. ದಿನಚರಿಯಲ್ಲಿ ಆ ದಿನ "ಪೂಜೆ ಚೆನ್ನಾಯಿತು" ಎಂದಷ್ಟೇ ಇದೆ. ಯಾರು ಮಾಡಿದರೆಂದು ಬರೆದಿಲ್ಲ.

ಭಾನುವಾರ ಎಂಟೂವರೆಗೆಲ್ಲ ಗುಬ್ಬಿಯಲ್ಲಿದ್ದೆ. ಮೇಷ್ಟ್ರು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಟಿವಿ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ನನ್ನ ಲ್ಯಾಪ್‌ಟಾಪನ್ನು ಟಿವಿಗೆ ಸೇರಿಸಿದೆ. ಅವರ ಹೆಂಡತಿ ಬೆಳಕು ಬೀಳದಂತೆ ಕಿಟಕಿ ಮುಚ್ಚಿದರು. ಮೊದಲ ಚಿತ್ರ ಬಂದಾಗ ಮೇಷ್ಟ್ರು ಎದ್ದು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ, ಎಡಗಣ್ಣನ್ನು ತೆನೆಯ ಉದ್ದಕ್ಕೂ ಸರಿಸುತ್ತಾ ನೋಡಿದರು.

"ಆಹಾ... ನೋಡು, ನೋಡು. ಎಷ್ಟು ಚೆನ್ನಾಗಿದೆ" ಅಂದರು. "ಕೆಳಗಿನ ಮೂಲೆ ತೋರ್ಸಮ್ಮ ಈಗ."

"ಅದು... ಬಂದಿಲ್ಲ ಸಾರ್. ಡ್ರೈವರ್ ಪೂರ್ತಿ ಹೊಂದ್ತಿಲ್ಲ." ದಾರಿಯುದ್ದಕ್ಕೂ ಬೇರೆ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಇದು.

"ಓ ಹೌದಾ" ಎಂದು ಅವರು ಖುಷಿಯಿಂದಲೇ ಕುರ್ಚಿಗೆ ಮರಳಿದರು. "ಹಂಗಾದ್ರೆ ಇನ್ನೊಂದು ಡ್ರೈವರ್ ಸಿಕ್ರೆ ಅದೂ ಬರುತ್ತೆ ಅನ್ನು. ಕೇಳಿಸ್ತೇನೆ?" ಎಂದು ಹೆಂಡತಿಯ ಕಡೆ ತಿರುಗಿದರು. " ಇನ್ನೊಂದ್ ಸ್ವಲ್ಪ ದಿನ ಅಂತೆ. ಅಷ್ಟು ದಿನ ಈ ಕಣ್ಣು ಹೆಂಗೋ ತಡೆಯುತ್ತೆ."

ಅವರ ಹೆಂಡತಿ ನನ್ನ ಕಡೆ ನೋಡಿದರು. ಆ ಆಸೆಯನ್ನು ಅಲ್ಲಿ ಬಿಟ್ಟು ಬಸ್ಸು ಹತ್ತಲು ನನ್ನಿಂದಾಗಲಿಲ್ಲ. ಹೇಳಿದೆ. ಡ್ರೈವರ್ ಸರಿಯಾಗಿದೆ ಸಾರ್, ಹಾಳು ಮಾಡಿದ್ದು ನಾನು. ಡಿಸ್ಕು ಪೇರಿಸಿದ್ದು, ಅದನ್ನು ಅಕ್ಕ ಇಟ್ಟರೆಂದು ನೆನೆದದ್ದು, ಸರಿ ಎಂದು ಒತ್ತಿದ್ದು, ಎಲ್ಲ ಹೇಳಿದೆ. ಇನ್ನು ಯಾವ ಡ್ರೈವರ್ ತಂದರೂ ಆ ಮೂಲೆ ಬರುವುದಿಲ್ಲ ಎಂದೂ ಹೇಳಿದೆ.

"ನಕಲು ತೆಗ್ದಿರ್ಲಿಲ್ವಾ?" ಅಂದರು. ತರಗತಿಯಲ್ಲಿ ಕೇಳುತ್ತಿದ್ದ ಹಾಗೆಯೇ.

"ಇಲ್ಲ ಸಾರ್."

"ಹೂಂ."

ಅವರ ಹೆಂಡತಿ ಒಳಗೆ ಹೋಗಿ ಪಾತ್ರೆ ಸರಿಸತೊಡಗಿದರು. ಆಮೇಲೆ ಮೇಷ್ಟ್ರು ಕೈ ಚಾಚಿ, "ನೋಟ್‌ಬುಕ್ ತಂದಿದೀಯಾ? ತೆಗಿ. ಹತ್ತು ಗಂಟೆ ತನಕ ಕಾಣುತ್ತೆ ನಂಗೆ" ಅಂದರು.

ತೆನೆ ಕಂಡರೆ ಲ್ಯಾಟಿನ್ ಹೆಸರು ಅವರ ಬಾಯಿಂದ ತಾನಾಗಿ ಬರುತ್ತಿತ್ತು. ಒಂದೂ ತಡವರಿಸಲಿಲ್ಲ. ಪೆನ್ಸಿಲ್ ಹೆಸರಿಗೆ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕರಡ, ಹಂಚಿ, ಸೂಜಿ ಹುಲ್ಲು, ಇವು ಸಿಕ್ಕವು; ಎಲ್ಲರಿಗೂ ಗೊತ್ತಿರುವಂಥವು. ಒಂದಕ್ಕೆ ಏನೋ ಹೆಸರು ಹೇಳಿ, ನಾನು ಬರೆಯುತ್ತಿದ್ದಂತೆ, "ಹೊಡೆದಾಕಮ್ಮ. ಅದು ಇದಕ್ಕೋ, ಹಿಂದಿನದಕ್ಕೋ, ಗೊತ್ತಾಗ್ತಿಲ್ಲ. ಗೊತ್ತಿಲ್ದಿದ್ದು ಬರೀಬೇಡ" ಅಂದರು. ಹಾಗೆ ಹೊಡೆದು ಹಾಕಿದವೇ ಹೆಚ್ಚಾದವು.

ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಒಂದು ಹಾಳೆ ಬಂತು. ತೆನೆ ಬಹಳ ತೆಳ್ಳಗೆ, ಹೊಗೆಯ ಹಾಗೆ. ಮೇಷ್ಟ್ರು ಎದ್ದು ಮತ್ತೆ ಟಿವಿಗೆ ಮುಖ ಒತ್ತಿದರು.

"ಇದು ಒಬ್ಬ ಅಜ್ಜಿ ಹೇಳಿದ್ದು. ಕಾವಲಿನ ಕಟ್ಟೆ ಹತ್ರ ಕೂತಿದ್ಲು. ಕರು ಹಾಕಿದ ಹಸುಗೆ ಇದನ್ನೇ ಹುಡುಕ್ಕೊಂಡು ಬರ್ತೀನಿ ಅಂದ್ಲು. ಎಲೆ ಅಡಿಕೆ ಕೇಳಿದ್ಲು, ನನ್ ಹತ್ರ ಇರ್ಲಿಲ್ಲ. ಎಲ್ಲಾ ನೆನಪಿದೆ ನೋಡು. ಹೆಸರು..." ಕಣ್ಣು ಮುಚ್ಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ನೀನೇ ತಾನೇ ಸ್ಕ್ಯಾನ್ ಮಾಡಿದ್ದು. ಓದಿರ್ತೀಯ. ನೆನಪಿದೆಯೇನಮ್ಮ?"

ನನಗೆ ಒಂದು ಹೆಸರು ಹೊಳೆದಿತ್ತು. ಅವರು ಅಜ್ಜಿಯ ಮಾತು ಎತ್ತಿದ ಕೂಡಲೇ ಹೊಳೆದಿತ್ತು. ಪೆನ್ಸಿಲ್ ಅಕ್ಷರ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಏರಿದ ಸಾಲು, ಎಲ್ಲ ಕಣ್ಣ ಮುಂದಿತ್ತು. ಹಸಿರು ಸೀರೆ ಎಷ್ಟು ಸ್ಪಷ್ಟವಾಗಿತ್ತೋ ಇದೂ ಅಷ್ಟೇ ಸ್ಪಷ್ಟವಾಗಿತ್ತು.

"ಇಲ್ಲ ಸಾರ್" ಅಂದೆ.

"ಖಾಲಿ ಬಿಡು ಹಂಗಾದ್ರೆ" ಅಂದರು.

ಖಾಲಿ ಬಿಟ್ಟೆ. ಯುಗಾದಿಗೆ ಹೋದಾಗ ಅವರು ನನ್ನನ್ನು ದನಿಯಿಂದ ಗುರುತಿಸಿದರು. ಪುಸ್ತಕದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಹೆಸರು ಸರಿಯಿತ್ತೋ ತಪ್ಪಿತ್ತೋ, ಹೇಳಿದ್ದರೆ ಅವರಿಗೆ ನೆನಪಾಗುತ್ತಿತ್ತೋ, ನನ್ನ ತಪ್ಪನ್ನೇ ತಮ್ಮ ನೆನಪೆಂದು ಒಪ್ಪಿಕೊಂಡುಬಿಡುತ್ತಿದ್ದರೋ, ಈಗ ತಾಳೆ ನೋಡಲು ಏನೂ ಉಳಿದಿಲ್ಲ. ಆ ಹೆಸರನ್ನು ನಾನು ದಿನಚರಿಯಲ್ಲಿ ಬರೆದಿಲ್ಲ. ಇಲ್ಲಿಯೂ ಬರೆಯುತ್ತಿಲ್ಲ.